ಮತ್ತೆ ಫಿಲ್ಮ್ ಕ್ಯಾಮೆರಾ, ಮನೆಯಲ್ಲೇ ಡಾರ್ಕ್‌ರೂಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲ್ಮ್ ಕ್ಯಾಮೆರಾ ಬಿಟ್ಟು ಹದಿನೆಂಟು ವರ್ಷ ಆದ ಮೇಲೆ ನಾನು ಮತ್ತೆ ಅದನ್ನು ಕೈಗೆತ್ತಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಗೆಳೆಯರು, ಅವರ ಗೆಳೆಯರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಾ ಬಂದ ಪ್ರಶ್ನೆಗಳು ಇವು. ಅವರ ಮಾತನ್ನು ಹಾಗೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಇಲ್ಲಿರುವುದೆಲ್ಲ ಕಪ್ಪು-ಬಿಳುಪಿನ ಮಾತು. ಕಾರಣ ಮುಂದೆ ಹೇಳುತ್ತೇನೆ.

## ಮತ್ತೆ ಶುರು ಮಾಡುವಾಗ

ಬಿಟ್ಟು ಇಪ್ಪತ್ತು ವರ್ಷ ಆಯ್ತು. ಎಲ್ಲಾ ಮರೆತುಹೋಗಿದೆ. ಈಗ ಮತ್ತೆ ಕಲಿಯೋಕಾಗುತ್ತಾ?

ಆಗುತ್ತದೆ. ಕೈ ಬೇಗ ನೆನಪು ಮಾಡಿಕೊಳ್ಳುತ್ತದೆ. ರೋಲ್ ಹಾಕುವುದು, ಲಿವರ್ ಎಳೆಯುವುದು, ಫೋಕಸ್ ಮಾಡುವುದು, ಇವೆಲ್ಲ ಒಂದೇ ರೋಲ್‌ನಲ್ಲಿ ವಾಪಸ್ ಬರುತ್ತವೆ. ತಡವಾಗಿ ಬರುವುದು ಬೆಳಕನ್ನು ಓದುವ ಅಭ್ಯಾಸ. ಅದಕ್ಕೆ ನಾಲ್ಕೈದು ರೋಲ್ ಬೇಕಾಗಬಹುದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಮೊದಲ ವರ್ಷ ಒಂದೇ ಫಿಲ್ಮ್, ಒಂದೇ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಒಂದೇ ಪ್ರಿಂಟ್ ಪೇಪರ್ ಇಟ್ಟುಕೊಳ್ಳಿ. ಎಲ್ಲವನ್ನೂ ಬದಲಿಸುತ್ತಾ ಹೋದರೆ ಚಿತ್ರ ಯಾಕೆ ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ, ಯಾಕೆ ಚೆನ್ನಾಗಿ ಬಂತು ಅಂತಲೂ ಗೊತ್ತಾಗುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್ ಇಡಿ. ತಾರೀಖು, ಫಿಲ್ಮ್, ಡೆವಲಪರ್, ಉಷ್ಣತೆ, ನಿಮಿಷ. ಇಷ್ಟು ಬರೆದರೆ ಸಾಕು.

ಬೀರುವಿನಲ್ಲಿ ಹಳೇ ಕ್ಯಾಮೆರಾ ಸಿಕ್ತು. ಕೆಲಸ ಮಾಡುತ್ತೋ ಇಲ್ವೋ ಹೇಗೆ ನೋಡೋದು?

ಮೊದಲು ಒಳಗೆ ಫಿಲ್ಮ್ ಇದೆಯೇ ನೋಡಿ. ರಿವೈಂಡ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಾಗ ಬಿಗಿ ಸಿಕ್ಕಿದರೆ ರೋಲ್ ಇದೆ ಅಂತ ಅರ್ಥ. ಆಗ ಹಿಂದಿನ ಬಾಗಿಲು ತೆಗೆಯಬೇಡಿ.

ಖಾಲಿ ಇದ್ದರೆ ಬಾಗಿಲು ತೆಗೆದು, ಲೆನ್ಸ್ ಮೂಲಕ ಬೆಳಕಿನ ಕಡೆ ನೋಡುತ್ತಾ ಷಟರ್ ಒತ್ತಿ. ಒಂದು ಸೆಕೆಂಡಿಗೆ ಇಟ್ಟರೆ ನಿಜಕ್ಕೂ ಒಂದು ಸೆಕೆಂಡು ತೆರೆದಿರಬೇಕು. ವರ್ಷಗಟ್ಟಲೆ ಸುಮ್ನೆ ಕೂತ ಕ್ಯಾಮೆರಾದಲ್ಲಿ ಎಣ್ಣೆ ಗಟ್ಟಿಯಾಗಿ, ಮೊದಲು ಕೈಕೊಡುವುದು ಈ ನಿಧಾನದ ವೇಗಗಳೇ. ಆಮೇಲೆ ಬಾಗಿಲ ಅಂಚಿನ ಕಪ್ಪು ಸ್ಪಂಜು ಮುಟ್ಟಿ ನೋಡಿ. ಬೆರಳಿಗೆ ಡಾಂಬರಿನ ಹಾಗೆ ಅಂಟಿದರೆ ಅದನ್ನು ಕೆರೆದು ತೆಗೆದು ಹೊಸದು ಹಾಕಬೇಕು. ಇಲ್ಲದಿದ್ದರೆ ಬೆಳಕು ನುಗ್ಗುತ್ತದೆ. ಕೊನೆಗೆ ಲೆನ್ಸ್ ಹಿಂದೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರಕ್ಕೆ ಅಷ್ಟೇನೂ ಪೆಟ್ಟಿಲ್ಲ. ಆದರೆ ಆ ಲೆನ್ಸನ್ನು ಬೇರೆಯವುಗಳ ಜೊತೆ ಇಡಬೇಡಿ.

ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಥರದ ಕ್ಯಾಮೆರಾಗಳಿಗೆ ಬ್ಯಾಟರಿ ಬೇಕಾಗುವುದು ಮೀಟರಿಗೆ ಮಾತ್ರ. ಷಟರ್ ಪೂರ್ತಿ ಯಾಂತ್ರಿಕ. ಮತ್ತೆ ಶುರು ಮಾಡುವವರಿಗೆ ನಾನು ಇಂಥವನ್ನೇ ಹೇಳುವುದು.

ಮೀಟರ್ ಸರಿಯಾಗಿ ತೋರಿಸ್ತಿಲ್ಲ. ಕ್ಯಾಮೆರಾ ಬಿಸಾಡಬೇಕಾ?

ಖಂಡಿತ ಬೇಡ. ಬಹಳ ಹಳೆಯ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಸೆಲ್‌ಗೆ ಮಾಡಿದವು. ಆ ಸೆಲ್ ಈಗ ಬರುವುದಿಲ್ಲ. ಜಾಗ ಹೊಂದುತ್ತದೆ ಅಂತ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ಬೆಳಕನ್ನು ತಪ್ಪಾಗಿ ಓದಬಹುದು. ಶ್ರವಣ ಯಂತ್ರಕ್ಕೆ ಹಾಕುವ ಜಿಂಕ್-ಏರ್ ಸೆಲ್‌ನ ವೋಲ್ಟೇಜ್ ಹಳೆಯದಕ್ಕೆ ತುಂಬಾ ಹತ್ತಿರ. ಆಯುಸ್ಸು ಮಾತ್ರ ಕಮ್ಮಿ.

ಮೀಟರ್ ಪೂರ್ತಿ ಸತ್ತಿದ್ದರೂ ಚಿಂತೆಯಿಲ್ಲ. ಒಳ್ಳೆ ಬಿಸಿಲಿನಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/16ಕ್ಕೆ ಇಡಿ. ಷಟರನ್ನು ಫಿಲ್ಮ್ ವೇಗದ (ಡಬ್ಬಿಯ ಮೇಲಿನ ಐಎಸ್‌ಒ) ಹತ್ತಿರದ ಸಂಖ್ಯೆಗೆ ಇಡಿ. 400ರ ಫಿಲ್ಮ್ ಆದರೆ 1/500. ತೆಳು ಮೋಡಕ್ಕೆ ಎಫ್/11, ಮೋಡ ಮುಚ್ಚಿದ್ದರೆ ಎಫ್/8, ಬಯಲಿನ ನೆರಳಿಗೆ ಎಫ್/5.6 ಅಥವಾ ಎಫ್/4. ಅನುಮಾನ ಬಂದರೆ ಒಂದು ಸ್ಟಾಪ್ ಜಾಸ್ತಿಯೇ, ಅಂದರೆ ಎರಡರಷ್ಟು ಬೆಳಕು ಕೊಡಿ. ಕಪ್ಪು-ಬಿಳುಪು ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ. ಕಮ್ಮಿಯಾದರೆ ನೆರಳಿನ ವಿವರ ಹೋದದ್ದೇ.

ಕ್ಯಾಮೆರಾ ಒಳಗೆ ಯಾವುದೋ ಕಾಲದ ರೋಲ್ ಇದೆ. ತೊಳೆದರೆ ಏನಾದ್ರೂ ಬರುತ್ತಾ?

ಕಪ್ಪು-ಬಿಳುಪು ಆದರೆ ಬರುವ ಸಾಧ್ಯತೆ ಚೆನ್ನಾಗಿದೆ. ಮಂಜು ಕವಿದ ಹಾಗೆ ಬರಬಹುದು, ಆದರೂ ಮುಖಗಳು ಗುರುತು ಸಿಗುತ್ತವೆ. ಕಲರ್ ರೋಲ್‌ನಲ್ಲಿ ಬಣ್ಣ ಕೆಟ್ಟಿರುತ್ತದೆ. ಕೊಡಾಕ್‌ನ ಹಳೆಯ ಕಲರ್ ಫಿಲ್ಮ್ ಕೊಡಾಕ್ರೋಮ್ ಆಗಿದ್ದರೆ ಅದನ್ನು ಬಣ್ಣದಲ್ಲಿ ತೊಳೆಯುವ ಕೆಲಸ 2010ರ ಕೊನೆಗೆ ನಿಂತುಹೋಯಿತು. ಈಗ ಕಪ್ಪು-ಬಿಳುಪಾಗಿ ಮಾತ್ರ ತೊಳೆಯಬಹುದು. ಮನೆಯವರ ನೆನಪು ಇರಬಹುದಾದ ರೋಲನ್ನು ನಿಮ್ಮ ಮೊದಲ ಪ್ರಯೋಗಕ್ಕೆ ಬಳಸಬೇಡಿ. ಐದಾರು ರೋಲ್ ತೊಳೆದು ಕೈ ಕುದುರಲಿ, ಆಮೇಲೆ ಅದನ್ನು ಮುಟ್ಟಿ. ಇಷ್ಟು ವರ್ಷ ಕಾದದ್ದು ಇನ್ನೂ ಮೂರು ತಿಂಗಳು ಕಾಯುತ್ತದೆ.

ಕಲರ್ ಬೇಡ, ಕಪ್ಪು-ಬಿಳುಪೇ ಮಾಡಿ ಅಂತೀರಲ್ಲ, ಯಾಕೆ?

ಮನೆಯಲ್ಲಿ ಎಲ್ಲವನ್ನೂ ನಾವೇ ಮಾಡಬಹುದು ಅನ್ನುವ ಕಾರಣಕ್ಕೆ. ಕಲರ್ ನೆಗೆಟಿವ್‌ಗೆ 38 ಡಿಗ್ರಿ ಹತ್ತಿರದ ನೀರು ಬೇಕು, ಅದು ಅತ್ತಿತ್ತ ಆಗಬಾರದು. ಕಲರ್ ಪೇಪರನ್ನು ಹೆಚ್ಚುಕಮ್ಮಿ ಪೂರ್ತಿ ಕತ್ತಲಲ್ಲೇ ತೊಳೆಯಬೇಕು. ಕಪ್ಪು-ಬಿಳುಪಿನಲ್ಲಿ ಕೆಂಪು ದೀಪದ ಕೆಳಗೆ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ನಾನು ಮರಳಿ ಬಂದದ್ದೇ ಆ ಅರ್ಧ ನಿಮಿಷಕ್ಕಾಗಿ.

ಫಿಲ್ಮ್ ಯಾವುದು ಅಂದರೆ 400ರ ವೇಗದ್ದು. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್, ಎರಡರಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದು. ಎರಡೂ ಸಣ್ಣಪುಟ್ಟ ತಪ್ಪುಗಳನ್ನು ಸಹಿಸಿಕೊಳ್ಳುತ್ತವೆ.

## ಫಿಲ್ಮ್ ತೊಳೆಯುವುದು

ಡಾರ್ಕ್‌ರೂಮ್ ಇಲ್ಲದೆ ಫಿಲ್ಮ್ ತೊಳೆಯೋಕಾಗುತ್ತಾ?

ಆಗುತ್ತದೆ. ಪೂರ್ತಿ ಕತ್ತಲೆ ಬೇಕಾಗುವುದು ಫಿಲ್ಮನ್ನು ಸುರುಳಿಗೆ (ರೀಲ್) ಏರಿಸಿ ಬೆಳಕು ನುಗ್ಗದ ಟ್ಯಾಂಕಿನೊಳಗೆ ಇಡುವ ಹತ್ತು ನಿಮಿಷ ಮಾತ್ರ. ಅದಕ್ಕೆ ಕೈ ತೂರಿಸುವ ಕಪ್ಪು ಚೀಲ ಸಿಗುತ್ತದೆ. ಅದನ್ನು ಚೇಂಜಿಂಗ್ ಬ್ಯಾಗ್ ಅನ್ನುತ್ತಾರೆ. ಟ್ಯಾಂಕಿನ ಮುಚ್ಚಳ ಹಾಕಿದ ಮೇಲೆ ಉಳಿದದ್ದೆಲ್ಲ ದೀಪದ ಬೆಳಕಿನಲ್ಲೇ. ಕೋಣೆ ಕಟ್ಟುವ ಮೊದಲು ಇದನ್ನು ಮಾಡಿ. ಒಳ್ಳೆ ನೆಗೆಟಿವ್‌ಗಳು ಕೈಯಲ್ಲಿದ್ದರೆ ಡಾರ್ಕ್‌ರೂಮ್ ಕಟ್ಟುವ ಉತ್ಸಾಹ ತಾನಾಗಿ ಬರುತ್ತದೆ.

ಸುರುಳಿಗೆ ಫಿಲ್ಮ್ ಏರಿಸೋಕೆ ಬರ್ತಾನೇ ಇಲ್ಲ. ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತೆ.

ಮೂರು ಕಾರಣ ನೋಡಿ. ಪ್ಲಾಸ್ಟಿಕ್ ಸುರುಳಿಯಲ್ಲಿ ಒಂದು ಹನಿ ತೇವ ಇದ್ದರೂ ಫಿಲ್ಮ್ ಮುಂದೆ ಹೋಗುವುದಿಲ್ಲ. ಕೈ ಬೆವರಿದರೂ ಇದೇ ಗತಿ, ಕಪ್ಪು ಚೀಲದಲ್ಲಿ ಇದು ತುಂಬಾ ಆಗುತ್ತದೆ. ಫಿಲ್ಮಿನ ತುದಿಯ ಎರಡು ಮೂಲೆ ಚೂಪಾಗಿದ್ದರೆ ಅವು ಅಂಚಿಗೆ ತಗುಲಿ ನಿಲ್ಲುತ್ತವೆ. ಹಾಗಾಗಿ ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ದುಂಡಗೆ ಮಾಡಿಕೊಳ್ಳಿ.

ಒಂದು ರೋಲನ್ನು ಅಭ್ಯಾಸಕ್ಕೇ ಅಂತ ಬಲಿ ಕೊಡಿ. ಹತ್ತು ಸಲ ಬೆಳಕಲ್ಲಿ ಏರಿಸಿ. ಆಮೇಲೆ ಹತ್ತು ಸಲ ಕಣ್ಣು ಮುಚ್ಚಿ. ಕತ್ತಲಲ್ಲಿ ಸಿಕ್ಕಿಕೊಂಡರೆ ಬಲ ಹಾಕಬೇಡಿ. ಬಲ ಹಾಕಿದರೆ ಫಿಲ್ಮ್ ಮಡಚಿ ಅರ್ಧಚಂದ್ರದ ಕಲೆ ಬೀಳುತ್ತದೆ. ಫಿಲ್ಮನ್ನೂ ಸುರುಳಿಯನ್ನೂ ಟ್ಯಾಂಕಿನಲ್ಲಿಟ್ಟು ಮುಚ್ಚಿ, ಕೈ ಹೊರಗೆ ತೆಗೆದು ಒರೆಸಿಕೊಂಡು, ಉಸಿರು ಬಿಟ್ಟು ಮತ್ತೆ ಶುರು ಮಾಡಿ.

ತೊಳೆಯೋ ಕ್ರಮ ಒಮ್ಮೆ ಬಿಡಿಸಿ ಹೇಳ್ತೀರಾ?

ನಾನು ಬಳಸುವ ಜೋಡಿಯನ್ನೇ ಹೇಳುತ್ತೇನೆ. ಎಚ್‌ಪಿ5 ಪ್ಲಸ್ ಫಿಲ್ಮ್, ಐಡಿ-11 ಡೆವಲಪರ್. ಕೊಡಾಕ್‌ನ ಡಿ-76 ಇದಕ್ಕೆ ಸಮ. ಒಂದು ಪಾಲು ಡೆವಲಪರ್‌ಗೆ ಒಂದು ಪಾಲು ನೀರು, 20 ಡಿಗ್ರಿ, 13 ನಿಮಿಷ. ಮೊದಲ ಹತ್ತು ಸೆಕೆಂಡು ಟ್ಯಾಂಕನ್ನು ನಾಲ್ಕು ಸಲ ತಲೆಕೆಳಗು ಮಾಡಿ, ತಳವನ್ನು ಮೇಜಿಗೆ ಮೆಲ್ಲಗೆ ತಟ್ಟಿ. ಗುಳ್ಳೆಗಳು ಬಿಡಲಿ ಅಂತ ಈ ತಟ್ಟುವುದು. ಆಮೇಲೆ ಪ್ರತಿ ನಿಮಿಷದ ಶುರುವಿನಲ್ಲಿ ನಾಲ್ಕು ಸಲ. ಈ ಡೆವಲಪರ್ ಒಂದೇ ಬಳಕೆಗೆ, ಮತ್ತೆ ಬಾಟಲಿಗೆ ಸುರಿಯಬೇಡಿ.

ನಂತರ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಹತ್ತರಿಂದ ಮೂವತ್ತು ಸೆಕೆಂಡು. ಆಮೇಲೆ ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿದ ರ‍್ಯಾಪಿಡ್ ಫಿಕ್ಸರ್, ಐದು ನಿಮಿಷ. ಬೆಳಕು ಬಿದ್ದರೂ ಚಿತ್ರ ಕೆಡದಂತೆ ಮಾಡುವುದು ಇದೇ. ಈಗ ಮುಚ್ಚಳ ತೆಗೆಯಬಹುದು.

ಆಮೇಲೆ ಬರೀ ನೀರಿನಲ್ಲಿ ತೊಳೆಯಬೇಕು. ಅದಕ್ಕೆ ನಲ್ಲಿ ಬಿಟ್ಟು ಕೂರಬೇಕಿಲ್ಲ. ಟ್ಯಾಂಕಿಗೆ ನೀರು ತುಂಬಿ ಐದು ಸಲ ತಿರುವಿ ಚೆಲ್ಲಿ. ಮತ್ತೆ ತುಂಬಿ ಹತ್ತು ಸಲ. ಮತ್ತೆ ತುಂಬಿ ಇಪ್ಪತ್ತು ಸಲ. ಇದು ಇಲ್‌ಫೋರ್ಡ್ ಹೇಳುವ ಕ್ರಮ, ನೀರು ಬಹಳ ಉಳಿಯುತ್ತದೆ. ಕೊನೆಗೆ ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗಲಿ ಅಂತ ಹಾಕುವುದು) ಹಾಕಿ ಅದ್ದಿ, ಧೂಳಿಲ್ಲದ ಕಡೆ ತೂಗುಹಾಕಿ. ಒರೆಸಬೇಡಿ, ಬೆರಳಿನಿಂದಲೂ ಸವರಬೇಡಿ. ಒದ್ದೆ ಫಿಲ್ಮಿನ ಮೈ ತುಂಬಾ ಮೆದು.

ಬಾಟಲಿಗಳ ಮೇಲೆ ದೊಡ್ಡದಾಗಿ 1, 2, 3 ಅಂತ ಬರೆದಿಡಿ. ನಾನು ಒಮ್ಮೆ ಮಾತಾಡುತ್ತಾ ಫಿಕ್ಸರನ್ನು ಮೊದಲು ಸುರಿದೆ. ಇಡೀ ರೋಲ್ ಗಾಜಿನ ಹಾಗೆ ಖಾಲಿಯಾಯಿತು. ಅದರಲ್ಲಿ ಅಜ್ಜಿಯ ಎಂಟು ಚಿತ್ರ ಇದ್ದವು. ಅವತ್ತಿನಿಂದ ತೊಳೆಯುವಾಗ ಯಾರ ಜೊತೆಗೂ ಮಾತಿಲ್ಲ.

ನಮ್ಮ ನಲ್ಲಿ ನೀರೇ 28 ಡಿಗ್ರಿ ಇರುತ್ತೆ. 20ಕ್ಕೆ ಹೇಗೆ ತರೋದು?

ದೊಡ್ಡ ಬಕೆಟ್‌ನಲ್ಲಿ ನೀರು ತುಂಬಿ, ಐಸ್ ಕಟ್ಟಿದ ಬಾಟಲಿಯೊಂದನ್ನು ಅದರಲ್ಲಿ ಬಿಡಿ. ಡೆವಲಪರ್, ಸ್ಟಾಪ್, ಫಿಕ್ಸರ್ ಬಾಟಲಿಗಳನ್ನೂ ಅದರಲ್ಲೇ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಎಲ್ಲವೂ ಒಂದೇ ಉಷ್ಣತೆಗೆ ಬರುತ್ತವೆ. ಟ್ಯಾಂಕನ್ನೂ ಮಧ್ಯೆ ಮಧ್ಯೆ ಆ ನೀರಲ್ಲೇ ಇಡಿ.

20ಕ್ಕೇ ಬರಬೇಕು ಅಂತ ಹಟ ಬೇಡ. 24 ಡಿಗ್ರಿಯಲ್ಲೂ ಒಳ್ಳೆಯ ಕೆಲಸ ಆಗುತ್ತದೆ, ನಿಮಿಷ ಕಮ್ಮಿ ಮಾಡಿಕೊಳ್ಳಬೇಕು ಅಷ್ಟೆ. 20ಕ್ಕೆ 13 ನಿಮಿಷ ಇದ್ದದ್ದು 24ಕ್ಕೆ ಸುಮಾರು 9 ನಿಮಿಷ. ಸಮಯ ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಮಾತ್ರ ಕಷ್ಟ, ಫಿಲ್ಮಿನ ಮೇಲೆ ಡೆವಲಪರ್ ಸಮನಾಗಿ ಹರಡುವುದಿಲ್ಲ. ಹಾಗಾಗಿ ಸೆಕೆಯಲ್ಲಿ ನೀರು ಬೆರೆಸಿದ ತೆಳು ಡೆವಲಪರೇ ಒಳ್ಳೆಯದು. ತಂಪು ನೀರಿನಿಂದ ತೆಗೆದು ಒಮ್ಮೆಲೇ ಬಿಸಿ ನೀರಿಗೆ ಹಾಕಬೇಡಿ. ಎಲ್ಲ ನೀರೂ ಒಂದೆರಡು ಡಿಗ್ರಿ ಒಳಗೆ ಇರಲಿ.

ರೋಲ್ ಪೂರ್ತಿ ಖಾಲಿ ಬಂತು. ತಪ್ಪು ಎಲ್ಲಾಗಿದೆ?

ಫಿಲ್ಮಿನ ಅಂಚು ನೋಡಿ. ಅಲ್ಲಿ ಕಂಪನಿಯ ಹೆಸರು, ಫ್ರೇಮ್ ಸಂಖ್ಯೆ ಅಚ್ಚಾಗಿ ಬಂದಿದ್ದರೆ ತೊಳೆದದ್ದು ಸರಿಯಾಗಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ರೋಲ್ ಮುಂದೆ ಸರಿದಿಲ್ಲ ಅಥವಾ ಷಟರ್ ತೆರೆದಿಲ್ಲ. ಅಂಚೂ ಖಾಲಿ ಇದ್ದರೆ ಡೆವಲಪರ್ ಸತ್ತಿತ್ತು, ಇಲ್ಲವೇ ಫಿಕ್ಸರ್ ಮೊದಲು ಹೋಯಿತು. ಅಂಚು ಸಮೇತ ಇಡೀ ಫಿಲ್ಮ್ ಕಪ್ಪಾದರೆ ಬೆಳಕು ನುಗ್ಗಿದೆ. ಹಾಲು ಬೆರೆತ ಹಾಗೆ ಮಬ್ಬಾಗಿದ್ದರೆ ಫಿಕ್ಸರ್ ಸಾಲಲಿಲ್ಲ. ಇದೊಂದಕ್ಕೆ ಮದ್ದಿದೆ: ಹೊಸ ಫಿಕ್ಸರಿನಲ್ಲಿ ಮತ್ತೆ ಐದು ನಿಮಿಷ ಹಾಕಿ ತೊಳೆಯಿರಿ.

ಫಿಕ್ಸರ್ ಇನ್ನೂ ಜೀವ ಇದೆಯಾ ಅಂತ ಹೇಗೆ ತಿಳಿಯೋದು?

ರೋಲಿನ ತುದಿಯಿಂದ ಕತ್ತರಿಸಿದ ಚೂರನ್ನು ಬೆಳಕಿನಲ್ಲೇ ಫಿಕ್ಸರಿಗೆ ಹಾಕಿ. ಅದು ಪೂರ್ತಿ ತಿಳಿಯಾಗುವುದಕ್ಕೆ ಎಷ್ಟು ಹೊತ್ತು ಬೇಕು ನೋಡಿ. ಫಿಕ್ಸರ್ ಹೊಸದಿದ್ದಾಗಲೇ ಈ ಹೊತ್ತನ್ನು ಬಾಟಲಿ ಮೇಲೆ ಬರೆದಿಡಿ. ಅದು ಎರಡರಷ್ಟಾದ ದಿನ ಫಿಕ್ಸರಿನ ಕೆಲಸ ಮುಗಿಯಿತು.

## ಕೋಣೆ

ಬೇರೆ ಕೋಣೆ ಇಲ್ಲ. ಬಾತ್‌ರೂಮಲ್ಲಿ ಮಾಡಬಹುದಾ?

ಮಾಡಬಹುದು. ಎಷ್ಟೋ ಒಳ್ಳೆಯ ಪ್ರಿಂಟ್‌ಗಳು ಬಾತ್‌ರೂಮಿನಲ್ಲೇ ಹುಟ್ಟಿವೆ. ನೀರಿದೆ, ಧೂಳು ಕಮ್ಮಿ, ಕಿಟಕಿ ಚಿಕ್ಕದು. ಬಿಡಿಸಿ ಎತ್ತಿಡಬಹುದಾದ ಹಾಗೆ ಎಲ್ಲವನ್ನೂ ಜೋಡಿಸಿಕೊಳ್ಳಿ.

ಒಂದೇ ಕಟ್ಟುನಿಟ್ಟು: ಒಣ ಬದಿ ಬೇರೆ, ಒದ್ದೆ ಬದಿ ಬೇರೆ. ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿ ಪೇಪರಿನ ಮೇಲೆ ಬೀಳಿಸುವ ಯಂತ್ರ), ಪೇಪರ್, ನೆಗೆಟಿವ್ ಒಣ ಬದಿ. ಟ್ರೇಗಳು ಒದ್ದೆ ಬದಿ. ಜಾಗ ಇಕ್ಕಟ್ಟಾದರೆ ಟ್ರೇಗಳನ್ನು ಒಂದರ ಮೇಲೊಂದು ಬರುವ ಹಾಗೆ ಮೆಟ್ಟಿಲಿನಂತೆ ಇಡಬಹುದು. ಹರಿಯುವ ನೀರು ಒಳಗೇ ಇರಬೇಕು ಅಂತೇನಿಲ್ಲ. ಪ್ರಿಂಟ್‌ಗಳನ್ನು ಒಂದು ಬಕೆಟ್ ನೀರಿನಲ್ಲಿ ಕೂಡಿಸಿ, ಕೊನೆಗೆ ಹೊರಗೆ ತೊಳೆದರಾಯಿತು.

ಕರೆಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬೇಡ. ಎನ್‌ಲಾರ್ಜರಿಗೆ ಅರ್ಥಿಂಗ್ ಇರುವ ಪ್ಲಗ್ಗೇ ಬೇಕು. ಲೀಕೇಜ್ ಆದರೆ ತಕ್ಷಣ ಕಡಿಯುವ ಬ್ರೇಕರ್ ಲೈನಿನಲ್ಲಿ ಇರಬೇಕು. ವೈರು ನೆಲದ ಮೇಲೆ ಇರಬಾರದು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು. ಸ್ವಿಚ್ ಪಕ್ಕ ಒಂದು ಟವೆಲ್ ತೂಗುಹಾಕಿ.

ಎಷ್ಟು ಕತ್ತಲೆ ಆದ್ರೆ ಸಾಕು?

ದೀಪ ಆರಿಸಿ ಒಳಗೆ ಐದು ನಿಮಿಷ ಸುಮ್ನೆ ಕೂರಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎಲ್ಲೆಲ್ಲಿಂದ ಬೆಳಕು ಬರುತ್ತಿದೆ ಅಂತ ಕಾಣುತ್ತದೆ. ಬಾಗಿಲ ಕೆಳಗೆ, ಕೀಲಿ ತೂತಿನಲ್ಲಿ, ಫ್ಯಾನಿನ ಕಿಂಡಿಯಲ್ಲಿ. ಬಾಗಿಲ ಕೆಳಗೆ ಬಟ್ಟೆ ಸುರುಳಿ, ಕಿಟಕಿಗೆ ಕಪ್ಪು ಹಾಳೆ ಅಂಟಿಸಿದ ರಟ್ಟು. ಐದು ನಿಮಿಷದ ನಂತರವೂ ಮುಖದ ಮುಂದೆ ಹಿಡಿದ ಬಿಳಿ ಕಾಗದ ಕಾಣಬಾರದು. ನಾನಂತೂ ರಾತ್ರಿಯೇ ಕೆಲಸ ಮಾಡುವುದು. ಅರ್ಧ ಕತ್ತಲೆ ಆಕಾಶವೇ ಕೊಡುತ್ತದೆ.

ಕಿಂಡಿ ಮುಚ್ಚುವಾಗ ಗಾಳಿಯನ್ನೂ ಮುಚ್ಚಿಬಿಡಬೇಡಿ. ಬೆಳಕು ನೇರ ಹೋಗುತ್ತದೆ, ಗಾಳಿ ತಿರುಗಿ ಹೋಗುತ್ತದೆ. ಕಪ್ಪು ಬಣ್ಣ ಬಳಿದ ರಟ್ಟಿನಿಂದ ಎರಡು ತಿರುವು ಇರುವ ಕೊಳವೆ ಮಾಡಿ ಕಿಂಡಿಗೆ ಹಾಕಿದರೆ ಎರಡೂ ಆಗುತ್ತದೆ.

ಕೆಂಪು ಬಲ್ಬು ಯಾವುದಾದ್ರೂ ನಡೆಯುತ್ತಾ?

ನಡೆಯುವುದಿಲ್ಲ. ನೋಡಲು ಕೆಂಪಗಿದ್ದರೂ ಒಳಗೆ ಹಸಿರು, ನೀಲಿ ಬೆಳಕು ಸೇರಿರಬಹುದು. ಪೇಪರಿಗೆ ಕಾಣುವುದು ಆ ಎರಡೇ. ಹಳೆಯ ಸಿಡಿಯ ಹೊಳೆಯುವ ಬದಿಯಲ್ಲಿ ಬಲ್ಬಿನ ಪ್ರತಿಬಿಂಬ ನೋಡಿ. ಕೆಂಪು ಪಟ್ಟಿ ಮಾತ್ರ ಕಂಡರೆ ಭರವಸೆ ಇಡಬಹುದು. ಬೇರೆ ಬಣ್ಣ ಕಂಡರೆ ಬೇಡ.

ನಂತರ ಪೇಪರಿನ ಮೇಲೇ ಪರೀಕ್ಷೆ. ಒಂದು ಚೂರು ಪೇಪರಿಗೆ ಎನ್‌ಲಾರ್ಜರಿನಿಂದ ತೆಳು ಬೂದು ಬರುವಷ್ಟು ಬೆಳಕು ಕೊಡಿ. ಅದರ ಮೇಲೆ ನಾಣ್ಯ ಇಟ್ಟು, ಕೆಂಪು ದೀಪದ ಕೆಳಗೆ ಎಂಟು ನಿಮಿಷ ಬಿಟ್ಟು ತೊಳೆಯಿರಿ. ನಾಣ್ಯದ ಗುರುತು ಕಂಡರೆ ದೀಪವನ್ನು ದೂರ ಇಡಿ ಅಥವಾ ಬದಲಿಸಿ. ಮೊದಲೇ ಬೂದು ಮಾಡುವುದು ಯಾಕೆ ಅಂದರೆ, ಖಾಲಿ ಬಿಳಿ ಪೇಪರ್ ಸ್ವಲ್ಪ ಬೆಳಕನ್ನು ನುಂಗಿ ಏನೂ ತೋರಿಸದೆ ಇರಬಲ್ಲದು. ಇನ್ನೊಂದು ಮಾತು, ಈ ದೀಪ ಪೇಪರಿಗೆ ಮಾತ್ರ. ನಾವು ಬಳಸುವ ಫಿಲ್ಮಿಗೆ ಕೆಂಪೂ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಎನ್‌ಲಾರ್ಜರ್ ತಗೊಳ್ತಿದ್ದೀನಿ. ಏನೇನು ನೋಡಬೇಕು?

ಹೆಸರಿಗಿಂತ ಗಟ್ಟಿತನ ನೋಡಿ. ತಲೆಯನ್ನು ಮೇಲಕ್ಕೇರಿಸಿ ಬೆರಳಿನಿಂದ ತಟ್ಟಿ. ನಡುಗುತ್ತಲೇ ಇದ್ದರೆ ಚಿತ್ರ ಚೂಪಾಗಿ ಬರುವುದಿಲ್ಲ. ನೆಗೆಟಿವ್ ಹಿಡಿಯುವ ಕ್ಯಾರಿಯರ್ ಇದೆಯೇ ಕೇಳಿ. ಅದು ಕಳೆದುಹೋಗಿದ್ದರೆ ಹಳೆ ಮಾದರಿಗಳಿಗೆ ಮತ್ತೆ ಸಿಗುವುದು ಕಷ್ಟ. ಬಲ್ಬು ಈಗಲೂ ಸಿಗುವಂಥದ್ದೇ ನೋಡಿ. ವೈರು ಬಿರುಕು ಬಿಟ್ಟಿದ್ದರೆ ಪ್ಲಗ್ ಹಾಕುವ ಮೊದಲೇ ಬದಲಿಸಿ.

35 ಎಂಎಂ ನೆಗೆಟಿವ್‌ಗೆ 50 ಎಂಎಂ ಲೆನ್ಸ್ ಬೇಕು, 6×6 ಸೆಂ.ಮೀ. ನೆಗೆಟಿವ್‌ಗೆ 75 ಅಥವಾ 80. ಹಣ ಉಳಿದಿದ್ದರೆ ಅದನ್ನು ಲೆನ್ಸಿಗೆ ಹಾಕಿ. ನಿಕಾನ್‌ನ ಎಲ್-ನಿಕ್ಕೋರ್, ಶ್ನೈಡರ್‌ನ ಕಾಂಪೊನಾನ್, ರೋಡೆನ್‌ಸ್ಟಾಕ್‌ನ ರೋಡಗಾನ್, ಈ ಮೂರರಲ್ಲಿ ಯಾವುದು ಸಿಕ್ಕರೂ ಖುಷಿಯಿಂದ ತಗೊಳ್ಳಿ. ಕೆಟ್ಟ ಲೆನ್ಸ್ ಇದ್ದರೆ ನಿಮ್ಮ ಕ್ಯಾಮೆರಾ ಲೆನ್ಸ್ ಎಷ್ಟು ಒಳ್ಳೆಯದಾಗಿದ್ದರೂ ಉಪಯೋಗವಿಲ್ಲ. ಮನೆಗೆ ತಂದ ಮೇಲೆ ಸಣ್ಣ ಮಟ್ಟಗೋಲಿನಿಂದ ತಳದ ಹಲಗೆ, ಕ್ಯಾರಿಯರ್, ಲೆನ್ಸ್ ಮೂರೂ ಒಂದೇ ಮಟ್ಟದಲ್ಲಿವೆಯೇ ನೋಡಿ. ಪ್ರಿಂಟಿನ ಒಂದು ಮೂಲೆ ಮಾತ್ರ ಮಸುಕಾದರೆ ಸಾಮಾನ್ಯವಾಗಿ ಇದೇ ಕಾರಣ.

ಎನ್‌ಲಾರ್ಜರ್ ಸಿಗೋವರೆಗೆ ಕೈಕಟ್ಟಿ ಕೂರಬೇಕಾ?

ಬೇಡ. ಮೂರು ಟ್ರೇ, ಒಂದು ಗಾಜು, ಒಂದು ಚಿಕ್ಕ ಬಲ್ಬು ಸಾಕು. ಪೇಪರಿನ ಮೇಲೆ ನೆಗೆಟಿವ್ ಪಟ್ಟಿಗಳನ್ನು ಜೋಡಿಸಿ, ಗಾಜು ಒತ್ತಿಟ್ಟು, ಎರಡು-ಮೂರು ಸೆಕೆಂಡು ಬೆಳಕು ಕೊಟ್ಟರೆ ಕಾಂಟ್ಯಾಕ್ಟ್ ಶೀಟ್. ಎಲೆ, ಗರಿ, ಬೀಗದ ಕೈ ಇಟ್ಟರೆ ಫೋಟೊಗ್ರಾಮ್. ಮಕ್ಕಳನ್ನು ಡಾರ್ಕ್‌ರೂಮಿಗೆ ಕರೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮನೇಲಿ ಮಕ್ಕಳಿದ್ದಾರೆ. ಈ ಕೆಮಿಕಲ್‌ಗಳು ಅಪಾಯ ಅಲ್ವಾ?

ಎಚ್ಚರ ಬೇಕು, ಹೆದರಿಕೆ ಬೇಡ. ಕುಡಿಯುವ ನೀರಿನ ಅಥವಾ ಜ್ಯೂಸಿನ ಬಾಟಲಿಗಳಲ್ಲಿ ಎಂದೂ ತುಂಬಿಸಬೇಡಿ. ಡಾರ್ಕ್‌ರೂಮಿನ ಜಗ್ಗು, ಚಮಚ, ಥರ್ಮಾಮೀಟರ್ ಅಡುಗೆಮನೆಗೆ ವಾಪಸ್ ಹೋಗಬಾರದು. ಎಲ್ಲವನ್ನೂ ಬೀಗ ಹಾಕಿ ಇಡಿ. ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ.

ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಇವತ್ತು ಏನೂ ಆಗದಿದ್ದರೂ ವರ್ಷಗಳ ನಂತರ ತುರಿಕೆ ಶುರುವಾಗಬಹುದು. ಹಾಗಾಗಿ ಮೊದಲ ದಿನದಿಂದಲೇ ಗ್ಲೌಸ್ ಮತ್ತು ಇಕ್ಕಳ. ಗ್ಲೌಸ್ ಇದ್ದರೂ ಪ್ರತಿ ಟ್ರೇಗೆ ಬೇರೆ ಇಕ್ಕಳ ಇಡಿ, ಫಿಕ್ಸರಿನ ಒಂದು ಹನಿ ಡೆವಲಪರಿಗೆ ಬೀಳಬಾರದು. ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು ಅಂತ ಅರ್ಥ. ಪೇಪರ್ ಡಬ್ಬ ಮುಚ್ಚಿದೆಯೇ ನೋಡಿಕೊಂಡು, ದೀಪ ಹಾಕಿ, ಬಾಗಿಲು ತೆಗೆದು ಹೊರಗೆ ಬನ್ನಿ.

ಬಳಸಿದ ಹೈಪೋ ಎಲ್ಲಿ ಸುರಿಯಲಿ?

ಗಿಡದ ಬುಡಕ್ಕೆ, ಬಾವಿ ಹತ್ತಿರ, ಕೆರೆ ಹೊಳೆಗೆ, ಶೌಚದ ಗುಂಡಿಗೆ ಬೇಡವೇ ಬೇಡ. ಹೈಪೋ ಅಂದರೆ ಫಿಕ್ಸರೇ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ. ಬೆಳ್ಳಿಯ ಲವಣಗಳನ್ನು ಹೈಪೋ ಕರಗಿಸುತ್ತದೆ ಅಂತ ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದರು. ಫೋಟೊ ಬೆಳಕಿನಲ್ಲಿ ಉಳಿಯುವುದು ಅದರಿಂದಲೇ. ನೀರಿನ ಜೀವಿಗಳಿಗೆ ಈ ಬೆಳ್ಳಿ ವಿಷ. ಒಂದು ಕ್ಯಾನಿನಲ್ಲಿ ಕೂಡಿಸಿಡಿ, ತುಂಬಿದಾಗ ಬೆಳ್ಳಿ ತೆಗೆಯುವವರಿಗೆ ಅಥವಾ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಎಕ್ಸ್‌ರೇ ಫಿಲ್ಮ್ ತೊಳೆಯುವ ಕಡೆಯೂ ಕೇಳಿ ನೋಡಬಹುದು, ಅವರದ್ದೂ ಇದೇ ಸಮಸ್ಯೆ. ಫಿಕ್ಸರಿಗೆ ಬ್ಲೀಚನ್ನಾಗಲಿ ಜೋರು ಆಸಿಡನ್ನಾಗಲಿ ಎಂದೂ ಬೆರೆಸಬೇಡಿ, ಕೆಟ್ಟ ಅನಿಲ ಬರುತ್ತದೆ.

## ಪ್ರಿಂಟ್

ಮೊದಲ ಪ್ರಿಂಟಿಗೆ ಎಷ್ಟು ಸೆಕೆಂಡು ಬೆಳಕು ಕೊಡಬೇಕು?

ಅದನ್ನು ಪೇಪರೇ ಹೇಳಬೇಕು. ಅದಕ್ಕೇ ಟೆಸ್ಟ್ ಸ್ಟ್ರಿಪ್ ಇರುವುದು. ನೆಗೆಟಿವನ್ನು ಮ್ಯಾಟ್ ಬದಿ ಕೆಳಗೆ ಬರುವ ಹಾಗೆ ಇಡಿ. ಲೆನ್ಸ್ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಎರಡು ಸ್ಟಾಪ್ ಮುಚ್ಚಿ. 2ನೇ ಗ್ರೇಡಿನ ಫಿಲ್ಟರ್ ಹಾಕಿ (ಗ್ರೇಡ್ ಅಂದರೆ ಕಪ್ಪು-ಬಿಳುಪಿನ ನಡುವಿನ ಅಂತರದ ಅಳತೆ). ಪೇಪರಿನ ಉದ್ದನೆಯ ಚೂರನ್ನು ಚಿತ್ರದ ಮುಖ್ಯ ಭಾಗದ ಮೇಲೆ ಇಟ್ಟು ಇಡೀ ಚೂರಿಗೆ 5 ಸೆಕೆಂಡು ಕೊಡಿ. ರಟ್ಟಿನಿಂದ ಒಂದು ಭಾಗ ಮುಚ್ಚಿ ಇನ್ನೂ 5. ಹೀಗೇ 25ರವರೆಗೆ.

ಡೆವಲಪರ್‌ನಲ್ಲಿ ಒಂದು ನಿಮಿಷ ಪೂರ್ತಿ ಬಿಡಿ. ಇದು ಪ್ಲಾಸ್ಟಿಕ್ ಲೇಪ ಇರುವ ಆರ್‌ಸಿ ಪೇಪರಿನ ಲೆಕ್ಕ. ಕಪ್ಪಾಗುತ್ತಿದೆ ಅಂತ ಗಾಬರಿಯಾಗಿ ಬೇಗ ಎತ್ತುವುದು ಎಲ್ಲರೂ ಮಾಡುವ ತಪ್ಪು. ಬೇಗ ಎತ್ತಿದ ಪ್ರಿಂಟಿನ ಕಪ್ಪು ಕೊಳೆ ನೀರಿನ ಬಣ್ಣದ್ದಾಗಿರುತ್ತದೆ. ಸ್ಟಾಪ್‌ನಲ್ಲಿ 10 ಸೆಕೆಂಡು, ಫಿಕ್ಸರಿನಲ್ಲಿ 30 ಸೆಕೆಂಡು, ತೊಳೆದು ಬಿಳಿ ದೀಪದಲ್ಲಿ ನೋಡಿ. ಚಿತ್ರದ ಅತಿ ಬೆಳಕಿನ ಜಾಗ, ಅಂದರೆ ಮೋಡ, ಬಿಳಿ ಅಂಗಿ, ಹಣೆ, ಎಲ್ಲಿ ಸರಿಯಾಗಿ ಕಾಣುತ್ತದೋ ಆ ಪಟ್ಟಿಯ ಸೆಕೆಂಡು ತಗೊಳ್ಳಿ. ಕಪ್ಪಿನ ಬಗ್ಗೆ ಈಗ ಯೋಚಿಸಬೇಡಿ, ಅದು ಫಿಲ್ಟರಿನ ಕೆಲಸ.

ನನ್ನ ಪ್ರಿಂಟೆಲ್ಲ ಬೂದಿ ಬೂದಿ. ಜೀವವೇ ಇಲ್ಲ. ಯಾಕೆ?

ಬಿಳಿ ಸರಿ ಇದ್ದು ಕಪ್ಪು ಸಪ್ಪೆಯಾಗಿದ್ದರೆ ಫಿಲ್ಟರ್ ಗ್ರೇಡ್ ಏರಿಸಿ. ಕಪ್ಪಿನಲ್ಲಿ ವಿವರ ಮುಳುಗಿದ್ದರೆ ಇಳಿಸಿ. ಮಲ್ಟಿಗ್ರೇಡ್ ಪೇಪರಿನಲ್ಲಿ ಹಸಿರಿಗೆ ಸ್ಪಂದಿಸುವ ಪಾಲು ಮೆದು ಚಿತ್ರ ಕೊಡುತ್ತದೆ, ನೀಲಿಗೆ ಸ್ಪಂದಿಸುವ ಪಾಲು ಗಡಸು ಚಿತ್ರ ಕೊಡುತ್ತದೆ. 00ಯಿಂದ 5ರವರೆಗಿನ ಫಿಲ್ಟರುಗಳು ಆ ಎರಡು ಬೆಳಕಿನ ಪಾಲನ್ನು ಬದಲಿಸುತ್ತವೆ ಅಷ್ಟೆ. ಇಲ್‌ಫೋರ್ಡ್ ಫಿಲ್ಟರುಗಳಲ್ಲಿ 3½ರವರೆಗೆ ಸೆಕೆಂಡು ಬದಲಿಸಬೇಕಿಲ್ಲ. 4ರಿಂದ ಮೇಲೆ ಎರಡರಷ್ಟು ಕೊಡಿ.

ಯಾವ ಗ್ರೇಡಿಗೂ ಬಗ್ಗದೆ ಬೂದಿಯೇ ಬರುತ್ತಿದ್ದರೆ ಕೆಂಪು ದೀಪ ಅಥವಾ ಹಳೆ ಪೇಪರ್ ಮೇಲೆ ಅನುಮಾನ ಪಡಿ. ಒಂದು ಚೂರನ್ನು ಬೆಳಕೇ ತೋರಿಸದೆ ಪೂರ್ತಿ ಕತ್ತಲಲ್ಲಿ ತೊಳೆದರೆ ಉತ್ತರ ಸಿಗುತ್ತದೆ. ಅದು ಬೆಳ್ಳಗೆ ಬಂದರೆ ಪೇಪರ್ ಸರಿ ಇದೆ, ದೀಪವೇ ಕಳ್ಳ.

ಆರ್‌ಸಿ ಪೇಪರೋ ಫೈಬರ್ ಪೇಪರೋ?

ಮೊದಲ ವರ್ಷ ಆರ್‌ಸಿ. ಪ್ಲಾಸ್ಟಿಕ್ ಲೇಪ ಇರುವುದರಿಂದ ಎರಡು ನಿಮಿಷ ತೊಳೆದರೆ ಸಾಕು, ಒಣಗಿದಾಗ ಸಪಾಟಾಗಿಯೇ ಇರುತ್ತದೆ. ಫೈಬರಿನ ಚಂದವೇ ಬೇರೆ. ಆದರೆ ಅದು ನೀರು ಕುಡಿಯುತ್ತದೆ, ತುಂಬಾ ಹೊತ್ತು ತೊಳೆಯಬೇಕು, ಒಣಗುವಾಗ ಹಪ್ಪಳದ ಹಾಗೆ ಸುರುಟುತ್ತದೆ. ಇಡೀ ರಾತ್ರಿ ಕೂತು ಮಾಡಬೇಕು ಅನ್ನಿಸುವ ನೆಗೆಟಿವ್ ಸಿಕ್ಕಾಗ ಫೈಬರ್ ತೆಗೆಯಿರಿ.

ಟ್ರೇಯಲ್ಲಿ ಅಷ್ಟು ಚೆನ್ನಾಗಿತ್ತು. ಒಣಗಿದ ಮೇಲೆ ಮಂಕಾಯ್ತಲ್ಲ?

ಒದ್ದೆ ಪ್ರಿಂಟ್ ಹೊಳೆಯುತ್ತದೆ, ಒಣಗಿದಾಗ ಒಂದು ಎಳೆ ಕಪ್ಪಾಗುತ್ತದೆ. ಫೈಬರಿನಲ್ಲಿ ಇದು ಜಾಸ್ತಿ. ಟೆಸ್ಟ್ ಸ್ಟ್ರಿಪ್ಪನ್ನು ಹೇರ್ ಡ್ರೈಯರಿನಲ್ಲಿ ಒಣಗಿಸಿ ನೋಡಿದ ಮೇಲೆಯೇ ಸೆಕೆಂಡು ತೀರ್ಮಾನಿಸಿ. ಡ್ರೈಯರ್ ಒಣ ಬದಿಯಲ್ಲೇ ಇರಲಿ. ನೋಡುವ ಬಿಳಿ ದೀಪ ತೀರಾ ಪ್ರಖರವಾಗಿದ್ದರೂ ಹೀಗೇ ಮೋಸ ಹೋಗುತ್ತೀರಿ. ಪ್ರಿಂಟನ್ನು ಮನೆಯಲ್ಲಿ ಗೋಡೆಗೆ ಹಾಕುವ ಜಾಗದ ಬೆಳಕಿನಷ್ಟೇ ಅದೂ ಇರಲಿ.

## ಕೈ ಪಳಗಿದ ಮೇಲೆ

ಮುಖ ಸರಿ ಬಂದ್ರೆ ಆಕಾಶ ಬಿಳಿ ಆಗುತ್ತೆ. ಆಕಾಶ ಬಂದ್ರೆ ಮುಖ ಕಪ್ಪು.

ಮುಖಕ್ಕೆ ಬೇಕಾದಷ್ಟು ಸೆಕೆಂಡು ಇಡೀ ಪೇಪರಿಗೆ ಕೊಡಿ. ಆಮೇಲೆ ಮುಖವನ್ನು ಕೈಯಿಂದಲೋ ರಟ್ಟಿನಿಂದಲೋ ಮರೆಮಾಡಿ ಆಕಾಶಕ್ಕೆ ಮಾತ್ರ ಇನ್ನಷ್ಟು ಕೊಡಿ. ಇದು ಬರ್ನಿಂಗ್. ಉಲ್ಟಾ ಮಾಡಿದರೆ, ಅಂದರೆ ಬೆಳಕು ಬೀಳುತ್ತಿರುವಾಗಲೇ ತೆಳು ತಂತಿಗೆ ಅಂಟಿಸಿದ ರಟ್ಟಿನ ಚೂರಿನಿಂದ ನೆರಳಿನ ಜಾಗ ಮರೆಮಾಡಿದರೆ, ಅದು ಡಾಜಿಂಗ್. ಕೈ ನಿಲ್ಲಬಾರದು, ಆಡಿಸುತ್ತಲೇ ಇರಬೇಕು. ನಿಂತರೆ ಅಂಚು ಗೆರೆ ಎಳೆದ ಹಾಗೆ ಕಾಣುತ್ತದೆ.

ಸೆಕೆಂಡು ಜಾಸ್ತಿ ಇದ್ದರೆ ಈ ಕೆಲಸ ಸುಲಭ. 6 ಸೆಕೆಂಡಿನಲ್ಲಿ ಏನೂ ಮಾಡಲಾಗದು. ಲೆನ್ಸ್ ಇನ್ನೊಂದು ಸ್ಟಾಪ್ ಮುಚ್ಚಿ 12 ಮಾಡಿಕೊಳ್ಳಿ, ಬೇಕಾದರೆ 20 ದಾಟಲಿ. ಎಲ್ಲಿ ಎಷ್ಟು ಕೊಟ್ಟಿರಿ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರದ ಸಣ್ಣ ನಕ್ಷೆ ಬಿಡಿಸಿ ಬರೆದಿಡಿ. ಎರಡು ವರ್ಷದ ನಂತರ ಅದೇ ಪ್ರಿಂಟ್ ಮತ್ತೆ ಬೇಕಾದಾಗ ಆ ಪುಟದ ಬೆಲೆ ಗೊತ್ತಾಗುತ್ತದೆ.

ಸ್ಪ್ಲಿಟ್ ಗ್ರೇಡ್ ಅಂತಾರಲ್ಲ, ಅದರಿಂದ ಏನು ಲಾಭ?

ಒಂದೇ ಪೇಪರಿಗೆ ಎರಡು ಸಲ ಬೆಳಕು ಕೊಡುವುದು. ಮೊದಲು 00 ಫಿಲ್ಟರಿನಲ್ಲಿ ಬಿಳಿ ಭಾಗಕ್ಕೆ ಬೇಕಾದಷ್ಟು, ಆಮೇಲೆ 5ರಲ್ಲಿ ಕಪ್ಪಿಗೆ ಬೇಕಾದಷ್ಟು. ಇಡೀ ಚಿತ್ರಕ್ಕೆ ಹೀಗೆ ಮಾಡಿದರೆ ಬರುವುದು ಯಾವುದೋ ಮಧ್ಯದ ಗ್ರೇಡ್ ಅಷ್ಟೇ, ಮಾಯವೇನಿಲ್ಲ. ನಿಜವಾದ ಲಾಭ ಬೇರೆ. ಆಕಾಶಕ್ಕೆ 00ಯಲ್ಲಿ ಮಾತ್ರ ಬರ್ನ್ ಮಾಡಬಹುದು, ಮರದ ಕಪ್ಪಿಗೆ 5ರಲ್ಲಿ ಮಾತ್ರ. ಒಂದು ಚಿತ್ರದೊಳಗೆ ಬೇರೆ ಬೇರೆ ಗ್ರೇಡ್ ಕೊಡಬಹುದು.

ನೆಗೆಟಿವ್ ಎಷ್ಟು ವರ್ಷ ಬಾಳುತ್ತೆ? ಹೇಗೆ ಇಡಬೇಕು?

ಚೆನ್ನಾಗಿ ಫಿಕ್ಸ್ ಮಾಡಿ, ಚೆನ್ನಾಗಿ ತೊಳೆದದ್ದು ನಮಗಿಂತ ಜಾಸ್ತಿ ಬಾಳುತ್ತದೆ. ಪಿವಿಸಿ ಕವರು ಬೇಡ, ಪಾಲಿಪ್ರೊಪಿಲೀನ್ ಕವರು ಅಥವಾ ಆಮ್ಲವಿಲ್ಲದ ಕಾಗದದ ಕವರು ಇರಲಿ. ಶತ್ರು ತೇವ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಆಗಾಗ ಬದಲಿಸಿ. ಹಳೆಯ ನೆಗೆಟಿವ್‌ನಿಂದ ವಿನೆಗರಿನ ಹುಳಿ ವಾಸನೆ ಬಂದರೆ ಅದರ ಅಸಿಟೇಟ್ (ಫಿಲ್ಮಿನ ಪ್ಲಾಸ್ಟಿಕ್) ಹಾಳಾಗಲು ಶುರುವಾಗಿದೆ. ಅದನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ, ಬೇಗ ನಕಲು ತೆಗೆಯಿರಿ.

ನೆಗೆಟಿವ್ ಸ್ಕ್ಯಾನ್ ಮಾಡಿದ್ರೆ ಸಾಲದಾ? ಡಾರ್ಕ್‌ರೂಮ್ ಯಾಕೆ ಬೇಕು?

ಸ್ಕ್ಯಾನ್ ಮಾಡಿ, ನಾನೂ ಮಾಡುತ್ತೇನೆ. ಮ್ಯಾಕ್ರೋ ಲೆನ್ಸ್ ಇರುವ ಡಿಜಿಟಲ್ ಕ್ಯಾಮೆರಾ, ಒಂದು ಲೈಟ್ ಪ್ಯಾನೆಲ್ ಇದ್ದರೆ ಒಂದು ರೋಲ್ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ದೂರದವರಿಗೆ ಕಳಿಸಲು, ಯಾವ ಫ್ರೇಮ್ ಪ್ರಿಂಟ್ ಮಾಡಬೇಕು ಅಂತ ಆರಿಸಲು ಅದು ಒಳ್ಳೆಯದು.

ಆದರೆ ನನ್ನ ಹತ್ತಿರ ಸ್ಕ್ಯಾನ್ ಮಾಡಿ ಮರೆತ ಚಿತ್ರಗಳು ನೂರಾರು ಇವೆ. ಕೈಯಾರೆ ಮಾಡಿದ ಪ್ರಿಂಟ್‌ಗಳಲ್ಲಿ ಮರೆತದ್ದು ಒಂದೂ ಇಲ್ಲ. ಒಂದು ಮುಖದ ಮೇಲೆ ಎರಡು ಗಂಟೆ ಕಳೆದಾಗ, ಕೆನ್ನೆಯ ನೆರಳಿಗೆ ಎಷ್ಟು ಸೆಕೆಂಡು ಅಂತ ಲೆಕ್ಕ ಹಾಕಿದಾಗ, ಆ ಮುಖವನ್ನು ನಾನು ತೆಗೆದ ದಿನಕ್ಕಿಂತ ಚೆನ್ನಾಗಿ ನೋಡಿರುತ್ತೇನೆ. ಅಜ್ಜಿಯ ಆ ರೋಲ್ ಹೋಯಿತು. ಅದಾದ ಮೇಲೆ ತೆಗೆದ ಒಂದು ನೆಗೆಟಿವ್ ಉಳಿದಿದೆ. ಅದು 3ನೇ ಗ್ರೇಡ್, 14 ಸೆಕೆಂಡು, ಎಡಗಡೆ ಕಿಟಕಿಗೆ ಇನ್ನೂ 6. ನೋಟ್‌ಬುಕ್ ತೆರೆಯದೆಯೂ ನನಗೆ ಗೊತ್ತು.